ಔಷಧಿಯ ಪದವಿಗೇರಿದ ಮುದ್ದೆ

ಮೈಸೂರಿನಲ್ಲಿ ಈಗ ಊಟ ಮಾಡುವವರು ಕಡಿಮೆಯಾಗಿ, ರೋಗನಿರೋಧಕ ಶಕ್ತಿಯನ್ನು ಸೇವಿಸುವವರು ಹೆಚ್ಚಾಗಿದ್ದಾರೆ. ಮುದ್ದೆಯನ್ನು ಕ್ಯಾಲ್ಸಿಯಂ ಎಂದೂ, ನುಗ್ಗೆ ಸೊಪ್ಪನ್ನು ಕಬ್ಬಿಣಾಂಶವೆಂದೂ, ಅರಿಸಿನವನ್ನು ಕರ್ಕ್ಯುಮಿನ್ ಎಂದೂ ಕರೆಯುವುದು ರೂಢಿಯಾಗಿರುವುದರಿಂದ, ನೆಂಟರಿಗೆ ಬಡಿಸುವಾಗ ‘ಇನ್ನೊಂದು ಸೌಟು ಬಸ್ಸಾರು ಹಾಕಲೇ’ ಎಂದು ಕೇಳುವ ಗೃಹಿಣಿ ಶೀಘ್ರದಲ್ಲೇ ‘ಇನ್ನಷ್ಟು ಫೈಬರ್ ಹಾಕಲೇ’ ಎಂದು ಉಪಚರಿಸುವಳೆಂಬುದರಲ್ಲಿ ಸಂಶಯವಿಲ್ಲ. ರುಚಿಯ ವಿಚಾರ ಎತ್ತುವವನು ಅನಾಗರಿಕ.

ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ, ತಲೆಮಾರುಗಳಿಂದ ಸದ್ದಿಲ್ಲದೆ ಹೊಟ್ಟೆ ತುಂಬಿಸುತ್ತಿದ್ದ ರಾಗಿ, ನವಣೆ, ಸಾಮೆಗಳಿಗೆ ಶಾಮಿಯಾನ, ಧ್ವನಿವರ್ಧಕ ಮತ್ತು ಮುಖ್ಯ ಅತಿಥಿಗಳು ದೊರೆತರು. ಅಂಥ ಒಂದು ಮೇಳದ ಮಳಿಗೆಯಲ್ಲಿ ರಾಗಿ ಬಿಸ್ಕತ್ತಿನ ಪೊಟ್ಟಣವೊಂದನ್ನು ಕೈಗೆತ್ತಿಕೊಂಡು ನೋಡಿದೆ. ಮುಂಭಾಗದಲ್ಲಿ ತೂಗಾಡುವ ರಾಗಿ ತೆನೆ, ಹಸಿರು ಹೊಲ, ಮುಂಡಾಸು ಕಟ್ಟಿದ ರೈತನ ಚಿತ್ರ. ಹಿಂಭಾಗದಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರಗಳಲ್ಲಿ, ಪದಾರ್ಥಗಳ ಪಟ್ಟಿ: ಮೊದಲು ಮೈದಾ, ಅನಂತರ ಸಕ್ಕರೆ, ಆಮೇಲೆ ತಾಳೆ ಎಣ್ಣೆ, ಅದರ ನಂತರ ರಾಗಿ. ಹೆಚ್ಚು ತೂಕದ ಪದಾರ್ಥವನ್ನು ಮೊದಲು ಬರೆಯಬೇಕೆಂಬ ನಿಯಮವಿರುವುದರಿಂದ ತಯಾರಕರಿಗೆ ಈ ಅನಿವಾರ್ಯ ಪ್ರಾಮಾಣಿಕತೆ ಒದಗಿತ್ತು. ಪಕ್ಕದಲ್ಲಿ ನಿಂತು ಒಂದು ಬಿಸ್ಕತ್ತಿನ ರುಚಿ ನೋಡಿದ ಮಂಡ್ಯದ ಕಡೆಯ ಹಿರಿಯರೊಬ್ಬರು ‘ಇದ್ರಲ್ಲಿ ರಾಗಿ ಎಲ್ಲೈತಪ್ಪ?’ ಎಂದು ಕೇಳಿದರು. ಮಳಿಗೆಯ ಹುಡುಗ ಅತ್ಯಂತ ವಿನಯದಿಂದ, ‘ಫ್ಲೇವರ್‌ನಲ್ಲಿದೆ, ಯಜಮಾನ್ರೇ’ ಎಂದ.

ರಾಗಿಗೆ ಈ ಮರ್ಯಾದೆ ಸಲ್ಲದೆಂದು ನಾನು ಹೇಳುತ್ತಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸಿನಲ್ಲಿದೆ. ಮಂಡ್ಯದ ವಿ.ಸಿ. ಫಾರ್ಮ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕುಳಿತು, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಾದ ರಾಗಿಯ ಹೂವಿಗೆ ಪರಾಗಸ್ಪರ್ಶ ಮಾಡಿಸಿ, ಭಾರತದ ತಳಿಗಳನ್ನು ಆಫ್ರಿಕಾದ ತಳಿಗಳೊಡನೆ ಸಂಕರಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದರು. ಆದರೆ ಅವರ ಭಾವಚಿತ್ರವನ್ನು ಯಾವ ಪೊಟ್ಟಣದ ಮೇಲೂ ನಾನು ಕಂಡಿಲ್ಲ. ಆ ಜಾಗದಲ್ಲಿ ಮುದ್ದೆಯನ್ನು ನುಂಗುವುದೋ ಅಗಿಯುವುದೋ ಎಂಬ ಗೊಂದಲ ಮುಖದಲ್ಲೇ ಕಾಣುವ ರೂಪದರ್ಶಿಯೊಬ್ಬರು ನಗುತ್ತಿರುತ್ತಾರೆ. ಇನ್ನು ರಾಗಿ ತಿಂದವರಿಗೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯದೆಂಬ ಘೋಷಣೆಯೊಂದಿದೆ. ನುಣ್ಣಗೆ ಬೀಸಿದ ಹಿಟ್ಟು ಬೇಗನೆ ಜೀರ್ಣವಾಗುವುದರಿಂದ ಮುದ್ದೆಯ ಗಾತ್ರವೂ, ಅದರ ಜೊತೆಗಿರುವ ಸೊಪ್ಪು-ಕಾಳಿನ ಪ್ರಮಾಣವೂ ಲೆಕ್ಕಕ್ಕೆ ಬರುತ್ತವೆಂಬ ಮಾತನ್ನು ಮಾತ್ರ ಘೋಷಣೆಗೆ ಸೇರಿಸಿಲ್ಲ. ಸ್ಥಳಾಭಾವವಿರಬೇಕು.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ನಡೆಯುವವರದು ಇನ್ನೂ ಮುಂದುವರಿದ ವಿಜ್ಞಾನ. ಅಲ್ಲಿ ಸೋರೆಕಾಯಿ ಹೃದಯವನ್ನೂ, ಬೂದುಗುಂಬಳ ಮೂತ್ರಪಿಂಡವನ್ನೂ, ಹಾಗಲ ರಕ್ತವನ್ನೂ ಹಂಚಿಕೊಂಡಿವೆ. ಪಲ್ಯವಾಗುವ ಯೋಗ ಇವುಗಳಲ್ಲಿ ಯಾವುದಕ್ಕೂ ಇಲ್ಲ. ಪಲ್ಯಕ್ಕೆ ಹೆಚ್ಚುವ ಮೊದಲು ಸೋರೆಕಾಯಿಯ ತುಣುಕೊಂದನ್ನು ನಾಲಿಗೆಯ ಮೇಲಿಟ್ಟು ನೋಡಿ, ಕಹಿಯಾಗಿದ್ದರೆ ಇಡೀ ಕಾಯನ್ನು ತಿಪ್ಪೆಗೆ ಎಸೆಯುತ್ತಿದ್ದ ಅಜ್ಜಿಯರು ಯಾವ ಪ್ರಯೋಗಾಲಯಕ್ಕೂ ಹೋದವರಲ್ಲ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶವಿರುತ್ತದೆ. ಅದರ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳು ಸಂಭವಿಸಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತಜ್ಞರ ಸಮಿತಿಯನ್ನೇ ರಚಿಸಬೇಕಾಯಿತು. ನಮ್ಮ ವಾಯುವಿಹಾರಿಗಳಾದರೋ, ಕಹಿಯಾದಷ್ಟೂ ಔಷಧೀಯ ಗುಣ ಹೆಚ್ಚೆಂದು ನಂಬಿ, ಮೂಗು ಹಿಡಿದು ಲೋಟ ಎತ್ತುತ್ತಾರೆ. ಬಳಿಕ ನಾಲಿಗೆಗೆ ಪರಿಹಾರಧನವಾಗಿ ಸಮೀಪದ ಹೋಟೆಲಿನಲ್ಲಿ ಬೆಣ್ಣೆ ಮಸಾಲೆ ದೋಸೆ ಮಂಜೂರಾಗುತ್ತದೆ.

ಹಾಗೆಯೇ ಕಬ್ಬಿಣಾಂಶದ ಕಥೆ. ನುಗ್ಗೆ ಸೊಪ್ಪನ್ನು ಬಿಡಿಸಿ, ಬೇಯಿಸಿ, ಮೇಲೆ ನಿಂಬೆರಸ ಹಿಂಡಿ ತಿಂದರೆ ವಿಟಮಿನ್ ‘ಸಿ’ಯ ನೆರವಿನಿಂದ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಇದು ಬಿಟ್ಟಿಯಾಗಿ ಸಿಗುವ ಜ್ಞಾನವಾದ್ದರಿಂದ ಗಣನೆಗೆ ಬರುವುದಿಲ್ಲ. ಬದಲಿಗೆ ಅದೇ ಸೊಪ್ಪಿನ ಪುಡಿಯನ್ನು ಕ್ಯಾಪ್ಸೂಲಿನಲ್ಲಿ ತುಂಬಿಸಿಕೊಂಡು, ಕಬ್ಬಿಣದ ಹೀರಿಕೆಗೆ ಅಡ್ಡಿಪಡಿಸುವ ಫಿಲ್ಟರ್ ಕಾಫಿಯ ಜೊತೆಗೇ ನುಂಗುವ ಪದ್ಧತಿ ನಮ್ಮಲ್ಲಿ ಬೆಳೆದುಬಂದಿದೆ. ಅರಿಸಿನದಿಂದ ಗಾಯ ವಾಸಿಯಾಗುವುದನ್ನು ಹೊಸ ಆವಿಷ್ಕಾರವೆಂದು ಅಮೆರಿಕ 1995ರಲ್ಲಿ ಪೇಟೆಂಟ್ ಕೊಟ್ಟಾಗ, ಅದು ನಮ್ಮ ಮನೆಮದ್ದೆಂದು ನಮ್ಮ ವಿಜ್ಞಾನಿಗಳು ಸಾಕ್ಷ್ಯ ಒದಗಿಸಿ 1997ರಲ್ಲಿ ರದ್ದುಮಾಡಿಸಿದರು. ಹಾಗೆ ಗೆದ್ದು ತಂದ ಅರಿಸಿನವನ್ನು ನಾವೀಗ ವಿದೇಶಿ ಹೆಸರಿನ ಡಬ್ಬಿಯಲ್ಲಿ, ‘ಗೋಲ್ಡನ್ ಲಾಟೆ’ ಎಂಬ ಬಿರುದಿನೊಡನೆ ಮರಳಿ ಕೊಳ್ಳುತ್ತಿದ್ದೇವೆ.

ಇಷ್ಟೆಲ್ಲ ನಡೆಯುತ್ತಿರುವುದು, ಚೆಲುವಾಂಬ ಮ್ಯಾನ್ಶನ್ನಿನಂಥ ಅರಮನೆಯಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವನ್ನು ಇರಿಸಿಕೊಂಡಿರುವ ಊರಿನಲ್ಲಿ. ಅದರ ಗೇಟಿನ ಮುಂದೆಯೇ ನಿಂತು ವಾಟ್ಸ್ಆ್ಯಪ್‌ನಲ್ಲಿ ‘ಹತ್ತು ಜನರಿಗೆ ಕಳುಹಿಸಿ’ ಎಂಬ ಆಹಾರ ಸಂಶೋಧನೆಯನ್ನು ಮುಂದಕ್ಕೆ ತಳ್ಳುವ ಸ್ವಾತಂತ್ರ್ಯ ನಮಗಿದೆ. ರಾಷ್ಟ್ರೀಯ ಪೋಷಣೆ ಸಂಸ್ಥೆಯು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೂ ಯಾವ ಪವಾಡವನ್ನೂ ಹೇಳದೆ, ತಟ್ಟೆಯ ಅರ್ಧಭಾಗ ತರಕಾರಿ-ಹಣ್ಣುಗಳಿರಲಿ, ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ, ಸಕ್ಕರೆ-ಎಣ್ಣೆ ಕಡಿಮೆಯಾಗಲಿ ಎಂದು ಸಪ್ಪೆಯಾಗಿ ಹೇಳಿ ಸುಮ್ಮನಾಯಿತು. ಇಂಥದ್ದನ್ನು ಯಾರು ತಾನೇ ಫಾರ್ವರ್ಡ್ ಮಾಡುತ್ತಾರೆ? ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆದ್ದರಿಂದ ಮಳಿಗೆಯವರು ಅದನ್ನು ಬರೆಯದೆ, ಗಿರಾಕಿಯ ಕಿವಿಯಲ್ಲಿ ಹೇಳುತ್ತಾರೆ.

ಜನರು ಸೊಪ್ಪು ತಿನ್ನಲೇಬೇಕೆಂಬ ಕಾಳಜಿ ಸರ್ಕಾರಕ್ಕೆ ನಿಜವಾಗಿಯೂ ಇದ್ದರೆ ನನ್ನದೊಂದು ವಿನಮ್ರ ಸಲಹೆಯಿದೆ. ದೇವರಾಜ ಮಾರುಕಟ್ಟೆಯಲ್ಲಿ ಗೋಣಿತಾಟು ಹಾಸಿ ಬೆರಕೆ ಸೊಪ್ಪು ಮಾರುವ ಹೆಂಗಸರಿಗೆ ಬಿಳಿಯ ಕೋಟು ತೊಡಿಸಿ, ಸೊಪ್ಪನ್ನು ಗಾಜಿನ ಸೀಸೆಗೆ ತುಂಬಿಸಿ, ‘ಮಲ್ಟಿ-ಗ್ರೀನ್ ಇಮ್ಯೂನಿಟಿ’ ಎಂಬ ಚೀಟಿ ಅಂಟಿಸಿ, ಬೆಲೆಯನ್ನು ಒಂಬೈನೂರ ತೊಂಬತ್ತೊಂಬತ್ತು ರೂಪಾಯಿಗೆ ನಿಗದಿಪಡಿಸಬೇಕು. ಆಗ ಕಾರು ನಿಲ್ಲಿಸಿ ಇಳಿಯುವ ಮಹನೀಯರಲ್ಲಿ ಒಬ್ಬರೂ ‘ಐದು ರೂಪಾಯಿ ಕಡಿಮೆ ಮಾಡ್ಕೊಳಮ್ಮ’ ಎಂದು ಚೌಕಾಸಿಗೆ ನಿಲ್ಲುವುದಿಲ್ಲ.