ಗೇಟ್ ಎದ್ದಿತು, ರಾಜ್ಯ ಬಿತ್ತು

ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ಮುಂದೆ ಕೂತವರಿಗೆಲ್ಲ ತತ್ವಜ್ಞಾನ ಹೊಳೆಯುತ್ತದೆ. ಮೊನ್ನೆ ಸಂಜೆ ನನ್ನ ಗೆಳೆಯನಿಗೂ ಹೊಳೆಯಿತು. ಎರಡನೇ ಮಿರ್ಚಿ ಕಚ್ಚಿ, ಖಾರಕ್ಕೆ ಉಸ್ ಉಸ್ ಅನ್ನುತ್ತಲೇ ಹೇಳಿದ: "ಈ ಸರ್ಕಾರ, ಕಾನೂನು ಎಲ್ಲಾ ಯಾಕ್ ಬೇಕಲೇ? ಜನಕ್ಕೆ ಬುದ್ಧಿ ಐತೆ. ಅವರ ಪಾಡಿಗೆ ಬಿಟ್ರೆ ಎಲ್ಲಾ ಸರಿ ಹೋಗ್ತೈತೆ."

ಮಿರ್ಚಿ ದುಡ್ಡು ಅವನದು. ನಾನು ಹೂಂ ಅಂದೆ.

ಮಾರನೇ ದಿನ ಬೆಳಿಗ್ಗೆ ಅವನ ಬೈಕಿನ ಹಿಂದೆ ಕೂತು ಊರೊಳಗಿನ ರೈಲ್ವೆ ಗೇಟಿಗೆ ಬಂದೆ. ಗೇಟ್ ಬಿದ್ದಿತ್ತು. ಎಡಗಡೆ ಸಾಲು, ಬಲಗಡೆ ಅರ್ಧ ರಸ್ತೆ ಖಾಲಿ. ಆ ಅರ್ಧ ಎದುರಿನಿಂದ ಬರುವವರದು ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಮೊದಲು ಒಂದು ಸ್ಕೂಟರ್ ನುಗ್ಗಿತು. ಆಮೇಲೆ ಹಾಲಿನ ಕ್ಯಾನ್ ಕಟ್ಟಿದ ಬೈಕ್. ಅದರ ಹಿಂದೆ ಆಟೋ. "ನಾವೊಬ್ರೇ ದಡ್ಡರೇನಲೇ?" ಅಂತ ಗೆಳೆಯನೂ ನುಗ್ಗಿಸಿದ. ಹಳಿಯ ಆಚೆ ಇದ್ದವರೂ ನಮ್ಮಷ್ಟೇ ಬುದ್ಧಿವಂತರು. ಅವರೂ ರಸ್ತೆ ತುಂಬಾ ನಿಂತಿದ್ದರು.

ಮುಚ್ಚಿದ ಗೇಟನ್ನು ಎತ್ತಿದರೆ 1989ರ ರೈಲ್ವೆ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು. ಅದಕ್ಕೇ ಯಾರೂ ಎತ್ತುವುದಿಲ್ಲ, ಬೈಕ್ ಬಗ್ಗಿಸಿ ಕೆಳಗೆ ತೂರಿಸುತ್ತಾರೆ. ಪಕ್ಕದ ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಹೈದರಾಲಿ ಸೈನಿಕರಿಗೆ ಸಿಕ್ಕಿದ್ದು ಒಂದೇ ಕಿಂಡಿಯಂತೆ. ನಮ್ಮವರಾಗಿದ್ದರೆ ಏಳು ಸುತ್ತಿಗೂ ಕಿಂಡಿ ಹುಡುಕಿ, ಒನಕೆ ಹಿಡಿದ ಓಬವ್ವನಿಗೇ "ಸ್ವಲ್ಪ ಸೈಡ್ ಕೊಡಕ್ಕಾ" ಅನ್ನುತ್ತಿದ್ದರು.

ರೈಲು ಹೋಯಿತು. ಗೇಟ್ ಎದ್ದಿತು. ಹಳಿ ಮೇಲೆ ಎರಡು ಸೇನೆಗಳೂ ಮುಖಾಮುಖಿ. ಹಿಂದೆ ಹೋಗಲು ಯಾರಿಗೂ ಜಾಗವಿಲ್ಲ, ಜಾಗ ಇದ್ದವನಿಗೆ ಮನಸ್ಸಿಲ್ಲ. ದಂಡದ ಭಯ ಇಲ್ಲದಿದ್ದರೆ ದೊಡ್ಡ ಮೀನು ಸಣ್ಣದನ್ನು ನುಂಗುತ್ತದೆ ಅಂದಿದ್ದ ಕೌಟಿಲ್ಯ. ಅವನು ಈ ಗೇಟ್ ನೋಡಿರಲಿಲ್ಲ, ಪಾಪ. ಇಲ್ಲಿ ಸಣ್ಣ ಮೀನುಗಳೇ ಸೇರಿ ಒಂದು ಬಸ್ಸನ್ನು ಕಟ್ಟಿಹಾಕಿದ್ದವು. ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರಲ್ಲಿ, ಸರ್ಕಾರ ಇಲ್ಲದಿದ್ದರೆ ಎಲ್ಲರೂ ಎಲ್ಲರ ಮೇಲೆ ಯುದ್ಧ ಅಂತ ಬರೆದ. ಅದು ಅರ್ಥವಾಗಲು ಅವನು ಒಂದು ಅಂತರ್ಯುದ್ಧ ನೋಡಬೇಕಾಯಿತು. ನಮಗೆ ಒಂದು ಗೂಡ್ಸ್ ಗಾಡಿ ಸಾಕು.

"ಪೊಲೀಸ್ ಎಲ್ಲಿ ಸತ್ರಲೇ? ಸರ್ಕಾರ ಅಂಬೋದು ಐತೋ ಇಲ್ಲೋ?" ಹಾರನ್ ಒತ್ತುತ್ತಲೇ ಕೂಗಿದವನು ನನ್ನ ಗೆಳೆಯನೇ.

ಇತ್ತು. ಸೀಟಿ ಊದಿಕೊಂಡು ಒಬ್ಬರು ಪೇದೆ ಬಂದರು. ಆಟೋ ಹಿಂದಕ್ಕೆ, ಕ್ಯಾನಿನವನು ಪಕ್ಕಕ್ಕೆ, ಬಸ್ಸು ಮುಂದಕ್ಕೆ. ಗಂಟು ಬಿಚ್ಚಿತು. ಗೆಳೆಯ ಚಪ್ಪಾಳೆ ತಟ್ಟುವುದೊಂದು ಬಾಕಿ. ಅಷ್ಟರಲ್ಲಿ ಪೇದೆಯ ಕಣ್ಣು ನಮ್ಮ ಪೆಟ್ರೋಲ್ ಟ್ಯಾಂಕ್ ಮೇಲೆ ಆರಾಮಾಗಿ ಕೂತಿದ್ದ ಹೆಲ್ಮೆಟ್ ಮೇಲೆ ಬಿತ್ತು.

"500 ಕಟ್ರಿ."

"ಅಲ್ಲ ಸಾರ್, ಇಷ್ಟು ಜನದಾಗೆ ನಾನೊಬ್ನೇ ಕಂಡ್ನಾ? ತಡೀರಿ, ಒಂದು ಫೋನ್ ಮಾಡ್ತೀನಿ."

ಸರ್ಕಾರವೇ ಬೇಡ ಅಂದವನ ಮೊಬೈಲಿನಲ್ಲಿ ಸರ್ಕಾರದವರ ನಂಬರ್ ಎಷ್ಟಿದ್ದವು ಅಂತೀರಿ! ಒಂದನ್ನೂ ಯಾರೂ ಎತ್ತಲಿಲ್ಲ. ರಸೀದಿ ಮಡಚಿ ಜೇಬಿಗಿಟ್ಟು ಬೈಕ್ ಸ್ಟಾರ್ಟ್ ಮಾಡುವಷ್ಟರಲ್ಲಿ ಮತ್ತೆ ಗೇಟ್ ಬಿತ್ತು. ಪೇದೆ ಅತ್ತ ತಿರುಗಿದ್ದರು.

ಬಲಗಡೆ ಜಾಗ ಖಾಲಿ ಇತ್ತು. ಗೆಳೆಯ ನಿಧಾನಕ್ಕೆ ಹ್ಯಾಂಡಲ್ ತಿರುಗಿಸಿದ.