ಸತ್ಯಾಂಶ: ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ) ಇದ್ದವರು ಓಡಿದರೆ ನರ ಸುಟ್ಟುಹೋಗುತ್ತದೆಯೇ?

"ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರು ಮ್ಯಾರಥಾನ್ ಓಡಿದರೆ ಮೈ ಬಿಸಿಯಾಗಿ ನರ ಸುಟ್ಟುಹೋಗುತ್ತದೆ, ಸಹಾಯನಿಧಿಗಾದರೂ ಓಡಿಸಬೇಡಿ" ಎಂಬ ಫಾರ್ವರ್ಡ್ ಮಂಗಳೂರಿನ ಗ್ರೂಪುಗಳಲ್ಲಿ ಸುತ್ತುತ್ತಿದೆ. ಇದು ಸುಳ್ಳು.

ಈ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ನರದ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುತ್ತದೆ. ಅಂಥ ನರದಲ್ಲಿ ಮೈ ಸ್ವಲ್ಪ ಬಿಸಿಯಾದರೂ ಸಂಕೇತ ತಡವರಿಸುತ್ತದೆ. ಕಣ್ಣು ಮಂಜಾಗಬಹುದು, ಕಾಲು ಭಾರವಾಗಬಹುದು. 1890ರಲ್ಲೇ ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ ಇದನ್ನು ಬರೆದಿಟ್ಟಿದ್ದರು. ಮೈ ತಣಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನರಕ್ಕೆ ಹೊಸ ಪೆಟ್ಟೇನೂ ಬಿದ್ದಿರುವುದಿಲ್ಲ.

ನಮ್ಮೂರಿನ ಸೆಕೆ ಗೊತ್ತಲ್ವಾ, ಬೆವರು ಆರುವುದೇ ಇಲ್ಲ. ಹಾಗಾಗಿ ಪಣಂಬೂರಿನಲ್ಲಿ ಓಡುವುದಾದರೆ ಬಿಸಿಲೇರುವ ಮೊದಲೇ ಓಡಿ. ಕುತ್ತಿಗೆಗೆ ಒದ್ದೆ ಬೈರಾಸು ಇರಲಿ. ಮ್ಯಾರಥಾನ್‌ನ 42.195 ಕಿ.ಮೀ. ಎಲ್ಲರಿಂದಲೂ ಆಗದು, ಮೊದಲು ನಿಮ್ಮ ನರರೋಗ ವೈದ್ಯರನ್ನು ಕೇಳಿ. ತೊಂದರೆ 24 ಗಂಟೆ ದಾಟಿದರೆ ಸುಮ್ನೆ ಕೂರದೆ ಅವರಿಗೆ ತಿಳಿಸಿ.