ಅಜ್ಜಿಯ ಪದ ಯಾವ ಕಂಪ್ಯೂಟರ್‌ನಲ್ಲೂ ತೆರೆಯಬೇಕು

ನಿನ್ನೆ ಸಂಜೆ ಚಳ್ಳಕೆರೆ ಕಡೆಯ ಹುಡುಗನೊಬ್ಬ ದುರ್ಗಕ್ಕೆ ನಮ್ಮ ಮನೆ ಹುಡುಕಿಕೊಂಡು ಬಂದ. ಕೈಯಲ್ಲೊಂದು ಪೆನ್‌ಡ್ರೈವ್. "ಅಣ್ಣಾ, ನಮ್ಮಜ್ಜಿ ಸೋಬಾನೆ ಪದ ಇದ್ರಾಗೈತೆ, ಓಪನ್ನೇ ಆಗ್ತಿಲ್ಲ" ಅಂದ. ಹಾಡು ರೆಕಾರ್ಡ್ ಮಾಡಿಕೊಂಡು ಊರೂರು ತಿರುಗುವ ನನ್ನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ, ಅದಕ್ಕೇ ಯಾರೋ ನನ್ನ ಹತ್ತಿರ ಕಳಿಸಿದ್ದಾರೆ.

ಗೆಳೆಯನ ಮ್ಯಾಕ್‌ನಲ್ಲಿ (ಆ್ಯಪಲ್ ಕಂಪ್ಯೂಟರ್), ಮ್ಯಾಕ್‌ನಲ್ಲಿ ಮಾತ್ರ ನಡೆಯುವ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡಿದ್ದಾನೆ. ಗೆಳೆಯ ಬೆಂಗಳೂರಿಗೆ ಹೋದ, ಮ್ಯಾಕ್ ಮಾರಿದ. ಇವನ ಹತ್ತಿರ ಉಳಿದದ್ದು ಪ್ರಾಜೆಕ್ಟ್ ಮಾತ್ರ, ಅಂದರೆ ಎಡಿಟ್ ಮಾಡಿದ ಸಾಫ್ಟ್‌ವೇರ್‌ನಲ್ಲೇ ತೆರೆಯುವ ಫೈಲ್. ಎಲ್ಲಿ ಬೇಕಾದರೂ ಕೇಳಬಹುದಾದ ಒಂದು ವೇವ್ (WAV) ಫೈಲ್ ಕೂಡ ತೆಗೆದಿಟ್ಟಿಲ್ಲ. ಬೇರೆ ಮ್ಯಾಕ್ ಹುಡುಕಬಹುದಿತ್ತಲ್ಲ ಅಂತೀರಿ. ಹುಡುಕಿದೆವು. ಪರಿಚಯದವರೊಬ್ಬರ ಹಳೇ ಮ್ಯಾಕ್ ಸಿಕ್ಕಿತು. ಪ್ರಾಜೆಕ್ಟ್ ಹೊಸ ಆವೃತ್ತಿಯದು, ತೆರೆಯಲಿಲ್ಲ.

ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ. "ಇದೇ ಹಾಕ್ಕೋ, ಸಖತ್ತಾಗಿದೆ" ಅಂತ ಸಲಹೆ ಕೊಡುವವರ ಮೇಲೆ. ನಾಳೆ ನಿನ್ನ ಕೈಯಲ್ಲಿ ಯಾವ ಕಂಪ್ಯೂಟರ್ ಇರುತ್ತೆ ಅಂತ ಒಬ್ಬರಾದರೂ ಕೇಳ್ತಾರಾ? ಗ್ಯಾರೇಜ್‌ಬ್ಯಾಂಡ್, ಲಾಜಿಕ್ ಅನ್ನೋ ಆ್ಯಪಲ್‌ನ ಸಾಫ್ಟ್‌ವೇರ್‌ಗಳು ಚೆನ್ನಾಗಿಯೇ ಇವೆ, ಆದರೆ ವಿಂಡೋಸ್‌ಗೆ ಸಿಗಲ್ಲ. ಲಾಜಿಕ್ ಒಂದು ಕಾಲದಲ್ಲಿ ವಿಂಡೋಸ್‌ನಲ್ಲೂ ಇತ್ತು. 2002ರಲ್ಲಿ ಆ್ಯಪಲ್ ಅದರ ಕಂಪನಿಯನ್ನು ಕೊಂಡಿತು, ವಿಂಡೋಸ್ ಆವೃತ್ತಿ ಅಲ್ಲಿಗೆ ನಿಂತಿತು. ಅಂದರೆ ಇವತ್ತು ಎರಡೂ ಕಡೆ ನಡೆಯುವ ಸಾಫ್ಟ್‌ವೇರ್ ನಾಳೆಯೂ ನಡೆಯುತ್ತೆ ಅಂತ ನಂಬಿ ಕೂರುವ ಹಾಗೂ ಇಲ್ಲ.

ಹೊಸಬರಿಗೆ ಗ್ಯಾರೇಜ್‌ಬ್ಯಾಂಡೇ ಸುಲಭ, ಮ್ಯಾಕ್ ಜೊತೆ ಪುಕ್ಕಟೆ ಬರುತ್ತೆ ಅನ್ನುವವರಿದ್ದಾರೆ. ಒಪ್ಪಿದೆ, ಹತ್ತು ವರ್ಷ ಅದೇ ಕಂಪ್ಯೂಟರ್ ನಿಮ್ಮ ಹತ್ತಿರ ಇರುವುದಾದರೆ. ನಮ್ಮ ಕಡೆ ಯಾರಿಗಿದೆ ಆ ಭಾಗ್ಯ? ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಅಣ್ಣನ ಆಫೀಸಿನದು, ಗೆಳೆಯನದು, ಹೀಗೇ ಅಲ್ವಾ ನಮ್ಮ ಕೆಲಸ ನಡೆಯೋದು? ಅಡಾಸಿಟಿ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತೆ, ಪುಕ್ಕಟೆ. ಟ್ರ್ಯಾಕ್ (ಬೇರೆ ಬೇರೆ ದನಿ, ವಾದ್ಯದ ಸಾಲು) ಜಾಸ್ತಿ ಇದ್ದರೆ ರೀಪರ್ ಇದೆ. ಅದೂ ಮೂರರಲ್ಲೂ ನಡೆಯುತ್ತೆ, 60 ದಿನ ಬಳಸಿ ನೋಡಿ ಆಮೇಲೆ ದುಡ್ಡು ಕೊಡಬಹುದು.

ಇಷ್ಟು ಹೇಳುವ ನಾನೂ ಕಳೆದುಕೊಂಡವನೇ. ಹಳೇ ಅಡಾಸಿಟಿಯಲ್ಲಿ ಪ್ರಾಜೆಕ್ಟ್ ಫೈಲ್ ಬೇರೆ, ಧ್ವನಿ ಇರುವ ಡೇಟಾ ಫೋಲ್ಡರ್ ಬೇರೆ ಇರುತ್ತಿತ್ತು. 2021ರಲ್ಲಿ 3.0 ಬಂದ ಮೇಲೆ ಎಲ್ಲ ಒಂದೇ ಫೈಲ್ ಆಯಿತು. ಅದಕ್ಕೂ ಮುಂಚೆ ಲ್ಯಾಪ್‌ಟಾಪ್ ಬದಲಿಸುವಾಗ ಫೈಲ್ ಮಾತ್ರ ಕಾಪಿ ಮಾಡಿದೆ, ಫೋಲ್ಡರ್ ಬಿಟ್ಟೆ. ನಮ್ಮಮ್ಮನ ಬೀಸುವ ಪದ ಅದರಲ್ಲಿತ್ತು. ಅಮ್ಮ ಈಗಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ.

ಅದಕ್ಕೇ ಬೇಡಿಕೊಳ್ತೀನಿ, ಸಾಫ್ಟ್‌ವೇರ್ ಯಾವುದಾದರೂ ಇರಲಿ, ಕೆಲಸ ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಪ್ರಾಜೆಕ್ಟಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವ ಹಾಗೆ ವೇವ್ ಆಗಿ ತೆಗೆದಿಡಿ. ಎಲ್ಲಿ ತೆರೆದರೂ ಒಂದಕ್ಕೊಂದು ಕೂಡುತ್ತವೆ. ಎಂಪಿ3 ಮಾತ್ರ ಇಟ್ಟುಕೊಳ್ಳಬೇಡಿ, ಅದರಲ್ಲಿ ಧ್ವನಿಯ ಒಂದಷ್ಟು ಭಾಗ ಹೋಗಿರುತ್ತೆ, ವಾಪಸ್ ಬರಲ್ಲ. ಒಬ್ಬರ ದನಿ, ಮೊನೊ (ಒಂದೇ ಚಾನೆಲ್), ಸಿಡಿ ಗುಣಮಟ್ಟದ 44.1 ಕಿಲೋಹರ್ಟ್ಸ್, 16 ಬಿಟ್ ವೇವ್ ಅಂದರೆ ಗಂಟೆಗೆ ಸುಮಾರು 320 ಎಂಬಿ. 32 ಜಿಬಿ ಪೆನ್‌ಡ್ರೈವ್‌ನಲ್ಲಿ 100 ಗಂಟೆಯ ಹತ್ತಿರ ಹಿಡಿಯುತ್ತೆ.

ಹುಡುಗನ ಪ್ರಾಜೆಕ್ಟ್ ನನ್ನ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಫೋಲ್ಡರ್ ಆಗಿ ಕಾಣಿಸಿತು. ಒಳಗೆ ರೆಕಾರ್ಡ್ ಮಾಡಿದ ತುಂಡುಗಳು, ನಲವತ್ತಮೂರು. ಒಂದನ್ನು ಹಚ್ಚಿದೆ. ಗಾಳಿ ಭರ್ರೋ ಅಂತಿದೆ, ನಡುವೆ ಅಜ್ಜಿಯ ಕೆಮ್ಮು, ಆಮೇಲೆ ಸೊಲ್ಲು ಎತ್ತಿದರು ನೋಡಿ, ಹುಡುಗ ಅಲ್ಲೇ ಕಣ್ಣು ಒರೆಸಿಕೊಂಡ. ಆದರೆ ಅಜ್ಜಿ ಮೂರು ದಿನ ನೆನಪಾದ ಹಾಗೆ ಹಾಡಿದ್ದು, ಹಿಂದಿನದು ಮುಂದೆ ಮುಂದಿನದು ಹಿಂದೆ. ಅದನ್ನೆಲ್ಲ ಸರಿಯಾಗಿ ಜೋಡಿಸಿದ್ದು ಆ ತೆರೆಯದ ಪ್ರಾಜೆಕ್ಟ್‌ನೊಳಗೇ ಉಳಿಯಿತು.

ಅಜ್ಜಿಗೀಗ ಹಾಡುವಷ್ಟು ದಮ್ಮಿಲ್ಲವಂತೆ. ಯಾವ ಸೊಲ್ಲಾದ ಮೇಲೆ ಯಾವುದು ಅಂತ ಹೇಳಬಲ್ಲರಂತೆ. ಭಾನುವಾರ ಲ್ಯಾಪ್‌ಟಾಪ್ ತಗೊಂಡು ಅವರ ಊರಿಗೆ ಹೋಗ್ತಿದ್ದೀನಿ.